ಒಂದೇ ಮನೆ, ಒಬ್ಬರೇ ಬಾಡಿಗೆದಾರರು: ಸಣ್ಣ ಮಾಲೀಕರ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಇಂಗ್ಲೆಂಡಿನಿಂದ ಮೂರು ಸುದ್ದಿಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದಿವೆ. ಬಾಡಿಗೆದಾರರನ್ನು ಕಾರಣ ಹೇಳದೆ ಮನೆ ಬಿಡಿಸುವಂತಿಲ್ಲ ಎನ್ನುವ ಹೊಸ ಕಾನೂನು ಬಂದಿದೆ. ಒಂದೋ ಎರಡೋ ಮನೆ ಬಾಡಿಗೆಗೆ ಕೊಟ್ಟಿದ್ದ ಮಾಲೀಕರು ಅದನ್ನು ಮಾರಿ ಕೈತೊಳೆದುಕೊಳ್ಳುತ್ತಿದ್ದಾರೆ ಎನ್ನುವ ವರದಿ ಇದೆ. ಇನ್ನೊಂದು ಕಡೆ ಬಾಡಿಗೆ ಸಿಕ್ಕಾಪಟ್ಟೆ ಏರಿದೆ. 2024ರ ಮಾರ್ಚ್‌ಗೆ ಮುಗಿದ ಒಂದು ವರ್ಷದಲ್ಲಿ ಬ್ರಿಟನ್ನಿನ ಖಾಸಗಿ ಬಾಡಿಗೆ ಸರಾಸರಿ ಶೇ 9ಕ್ಕಿಂತ ಜಾಸ್ತಿ ಹೆಚ್ಚಿತ್ತು.

ಓದಿದವರಿಗೆ ಗೊಂದಲ ಆಗದೇ ಇರುತ್ತದೆಯೇ? ಬಾಡಿಗೆ ಅಷ್ಟು ಏರುತ್ತಿದ್ದರೆ ಮಾಲೀಕರು ಮಾರುವುದಾದರೂ ಯಾಕೆ? ಲಾಭದ ವ್ಯಾಪಾರವನ್ನು ಯಾರಾದರೂ ಸುಮ್ನೆ ಬಿಟ್ಟುಹೋಗುತ್ತಾರಾ? ಇದು ಇಂಗ್ಲೆಂಡಿನ ಮಾತಷ್ಟೇ ಅಲ್ಲ. ನೆದರ್ಲೆಂಡ್ಸ್‌ನಲ್ಲಿ, ಐರ್ಲೆಂಡಿನಲ್ಲಿ ಕೂಡ ಇದೇ ಜಗಳ ನಡೆಯುತ್ತಿದೆ.

ಗಂಟು ಇರುವುದು ಬಾಡಿಗೆಯ ಮೊತ್ತದಲ್ಲಿ ಅಲ್ಲ, ಮನೆಗಳ ಸಂಖ್ಯೆಯಲ್ಲಿ. 200 ಮನೆ ಇರುವ ಕಂಪನಿಗೆ ಒಬ್ಬ ಬಾಡಿಗೆದಾರ ಹಣ ಕೊಡದಿದ್ದರೆ ಆ ತಿಂಗಳ ಆದಾಯದಲ್ಲಿ ಅರ್ಧ ಪರ್ಸೆಂಟ್ ಕಡಿಮೆಯಾಗುತ್ತದೆ. ಒಂದೇ ಮನೆ ಇರುವವರಿಗೆ ನೂರಕ್ಕೆ ನೂರೂ ಹೋಗುತ್ತದೆ. ಕಾನೂನು, ಬ್ಯಾಂಕು, ವಿಮೆ, ತೆರಿಗೆ ಎಲ್ಲವೂ ಸರಾಸರಿ ನೋಡಿಕೊಂಡು ನಡೆಯುತ್ತವೆ. ಒಂದೇ ಮನೆ ಇರುವವರಿಗೆ ಸರಾಸರಿ ಅನ್ನುವುದೇ ಇಲ್ಲ.

ಇವರು ಯಾರು?

ಇಂಗ್ಲೆಂಡಿನಲ್ಲಿ ಸರ್ಕಾರ 2021ರಲ್ಲಿ ನಡೆಸಿದ ಮಾಲೀಕರ ಸಮೀಕ್ಷೆ ಇದೆ. ಅದರ ಪ್ರಕಾರ ಶೇ 43ರಷ್ಟು ಮಾಲೀಕರ ಬಳಿ ಇದ್ದದ್ದು ಒಂದೇ ಒಂದು ಬಾಡಿಗೆ ಮನೆ. ಇನ್ನು ಶೇ 39ರಷ್ಟು ಜನರ ಬಳಿ ಎರಡರಿಂದ ನಾಲ್ಕು. ಐದು ಅಥವಾ ಅದಕ್ಕಿಂತ ಹೆಚ್ಚು ಮನೆ ಇದ್ದವರು ಶೇ 18 ಮಾತ್ರ. ಆದರೆ ಬಾಡಿಗೆದಾರರ ಕಡೆಯಿಂದ ಎಣಿಸಿದರೆ ಚಿತ್ರ ತಿರುಗಿಬಿಡುತ್ತದೆ. ಒಂದೇ ಮನೆಯ ಮಾಲೀಕರ ಕೈಯಲ್ಲಿದ್ದದ್ದು ಐದರಲ್ಲಿ ಒಂದು ಬಾಡಿಗೆ ಮನೆ. ಆ ಶೇ 18ರವರ ಕೈಯಲ್ಲಿ ಹತ್ತಿರಹತ್ತಿರ ಅರ್ಧ.

ಅಮೆರಿಕದಲ್ಲೂ ಹೀಗೇ. 2018ರ ಜನಗಣತಿ ಇಲಾಖೆಯ ಮಾಹಿತಿಯಂತೆ ಅಲ್ಲಿ ಹತ್ತರಲ್ಲಿ ಸುಮಾರು ಏಳು ಬಾಡಿಗೆ ಆಸ್ತಿಗಳು ವ್ಯಕ್ತಿಗಳ ಹೆಸರಿನಲ್ಲಿವೆ. ಆ ಆಸ್ತಿಗಳೊಳಗಿನ ಒಂದೊಂದೇ ಮನೆ ಲೆಕ್ಕ ಹಾಕಿದರೆ ಅವರ ಪಾಲು ಶೇ 40ರ ಆಸುಪಾಸು.

ಹಾಗಾಗಿ "ಮಾಲೀಕರಲ್ಲಿ ಬಹುಪಾಲು ಸಣ್ಣವರೇ" ಎನ್ನುವುದೂ ನಿಜ, "ಬಾಡಿಗೆದಾರರಲ್ಲಿ ತುಂಬಾ ಜನ ದೊಡ್ಡ ಮಾಲೀಕರ ಮನೆಯಲ್ಲಿದ್ದಾರೆ" ಎನ್ನುವುದೂ ನಿಜ. ಚರ್ಚೆಯಲ್ಲಿ ಒಬ್ಬೊಬ್ಬರು ತಮಗೆ ಬೇಕಾದ ಲೆಕ್ಕ ಹಿಡಿದುಕೊಂಡು ಕೂರುತ್ತಾರೆ.

ಸಣ್ಣ ಮಾಲೀಕರಲ್ಲಿ ಎಷ್ಟೋ ಜನ ಈ ಕೆಲಸಕ್ಕೆ ಬೇಕೆಂದೇ ಇಳಿದವರಲ್ಲ. ಅಪ್ಪ ಅಮ್ಮನ ಮನೆ ಪಾಲಿಗೆ ಬಂತು. ಕೆಲಸ ಬೇರೆ ಊರಿಗೆ ವರ್ಗವಾಯಿತು, ಇದ್ದ ಮನೆ ಮಾರಲು ಮನಸ್ಸಾಗಲಿಲ್ಲ. ನಿವೃತ್ತಿಯ ಮೇಲೆ ಏನಾದರೂ ಆದಾಯ ಬೇಕು ಎಂದು ಸಾಲ ಮಾಡಿ ಒಂದು ಮನೆ ಕೊಂಡರು. ಇವರಿಗೆ ಇದು ಉಳಿತಾಯದ ಒಂದು ರೂಪ. ಕಾನೂನಿನ ಕಣ್ಣಿಗೆ ಮಾತ್ರ ಅದು ವ್ಯಾಪಾರ. ಈ ಎರಡರ ನಡುವಿನ ಜಾಗದಲ್ಲಿಯೇ ಹೆಚ್ಚಿನವರು ಕೈ ಸುಟ್ಟುಕೊಳ್ಳುತ್ತಾರೆ.

ಕೈಗೆ ಬಂದದ್ದೆಷ್ಟು, ಉಳಿದದ್ದೆಷ್ಟು?

ದುಡ್ಡಿನ ಹೆಸರು ಬೇಡ. ತಿಂಗಳ ಬಾಡಿಗೆ 100 ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1200. ಮನೆ ಕೊಳ್ಳುವಾಗ ಹೆಚ್ಚಿನವರು ಹಾಕುವ ಲೆಕ್ಕ ಇಷ್ಟೇ: 1200ರಲ್ಲಿ ಸಾಲದ ಬಡ್ಡಿ ಕಳೆ, ಉಳಿದದ್ದು ಲಾಭ.

ಬಿಟ್ಟುಹೋದ ಲೆಕ್ಕ ಆಮೇಲೆ ಒಂದೊಂದಾಗಿ ಬರುತ್ತದೆ. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಮನೆ ಖಾಲಿ ಇದ್ದರೆ 100 ಹೋಯಿತು. ಸುಣ್ಣಬಣ್ಣ ಇದೆ. ವಿಮೆ, ಆಸ್ತಿ ತೆರಿಗೆ, ಬಾಡಿಗೆದಾರರನ್ನು ಹುಡುಕಿಕೊಟ್ಟವರ ಕಮಿಷನ್ ಇದೆ. ರಿಪೇರಿಗೆಂದು ವರ್ಷಕ್ಕೆ ಮನೆಯ ಬೆಲೆಯ ಶೇ 1ರಷ್ಟನ್ನು ಎತ್ತಿಡಬೇಕು ಎನ್ನುವ ಒಂದು ರೂಢಿಯ ಲೆಕ್ಕ ಬಹಳ ಕಡೆ ಚಾಲ್ತಿಯಲ್ಲಿದೆ. ಹೆಚ್ಚಿನವರು ಎತ್ತಿಡುವುದಿಲ್ಲ. ಯಾಕೆಂದರೆ ಮೊದಲ ಮೂರು ವರ್ಷ ಏನೂ ಕೆಡುವುದಿಲ್ಲ. ಆ ಮೂರು ವರ್ಷ ಮಾಲೀಕರಿಗೆ ತಮ್ಮ ಲೆಕ್ಕ ಸರಿ ಎನ್ನುವ ಧೈರ್ಯ ಕೊಟ್ಟುಬಿಡುತ್ತದೆ.

ನಾಲ್ಕನೇ ವರ್ಷ ಬಚ್ಚಲಿನ ಗೋಡೆಯೊಳಗೆ ಪೈಪಿನ ಒಂದು ಜಾಯಿಂಟ್ ಸಡಿಲಾಗುತ್ತದೆ ಎಂದುಕೊಳ್ಳಿ. ಯಾರಿಗೂ ಗೊತ್ತಾಗುವುದಿಲ್ಲ. ತಿಂಗಳಾದ ಮೇಲೆ ಕೆಳಗಿನ ಮನೆಯ ಸೀಲಿಂಗಿನಲ್ಲಿ ಅಂಗೈಯಗಲದ ಹಳದಿ ಕಲೆ ಕಾಣಿಸುತ್ತದೆ. ಪ್ಲಂಬರ್ ಬಂದು ಟೈಲ್ ಮೇಲೆ ಬೆರಳ ಗಿಣ್ಣಿನಿಂದ ತಟ್ಟಿ ನೋಡುತ್ತಾನೆ. ಟೊಳ್ಳು ಸದ್ದು. ಜಾಯಿಂಟ್ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಅಲ್ಲಿಗೆ ಮುಟ್ಟಲು ಎಂಟು ಟೈಲ್ ಒಡೆಯಬೇಕು. ಆ ಡಿಸೈನ್ ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಆದ್ದರಿಂದ ಇಡೀ ಗೋಡೆಗೆ ಹೊಸ ಟೈಲ್. ಒಳಗೆ ಹಚ್ಚಿದ ವಾಟರ್‌ಪ್ರೂಫಿಂಗ್ ಒಣಗುವವರೆಗೆ ಕೆಲಸ ನಿಲ್ಲುತ್ತದೆ. ಅಲ್ಲಿಯವರೆಗೆ ಬಾಡಿಗೆದಾರರಿಗೆ ಬಚ್ಚಲಿಲ್ಲ, ಅವರು ಬಾಡಿಗೆಯಲ್ಲಿ ಒಂದಿಷ್ಟು ಹಿಡಿದುಕೊಳ್ಳುತ್ತೇವೆ ಎನ್ನುತ್ತಾರೆ. ಅವರು ಹೇಳುವುದೂ ನ್ಯಾಯವೇ. ಕೆಳಗಿನವರ ಸೀಲಿಂಗಿಗೆ ಬಣ್ಣ ಹೊಡೆಸಿಕೊಡುವ ಕೆಲಸ ಬೇರೆ ಇದೆ.

ವಿಮೆ ಇದೆಯಲ್ಲ ಎನ್ನಬಹುದು. ಪೈಪು ದಿಢೀರನೆ ಒಡೆದರೆ ವಿಮೆ ಕೊಡುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿ ಒಸರಿದ್ದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ, ಅದನ್ನು ನಿರ್ವಹಣೆಯ ಕೊರತೆ ಎಂದು ಬರೆದು ವಾಪಸ್ ಕಳಿಸುತ್ತಾರೆ. ಮನೆ 30 ಅಥವಾ 60 ದಿನಕ್ಕಿಂತ ಹೆಚ್ಚು ಖಾಲಿ ಬಿದ್ದಿದ್ದರೆ ರಕ್ಷಣೆ ಕಡಿತ ಎನ್ನುವ ಷರತ್ತು ಕೂಡ ಬಹಳಷ್ಟು ಪಾಲಿಸಿಗಳಲ್ಲಿ ಇರುತ್ತದೆ. ಹಾಗಾಗಿ ಬಾಡಿಗೆ ಬಾರದ ತಿಂಗಳಲ್ಲೇ ವಿಮೆಯೂ ಇಲ್ಲದಂತೆ ಆಗಬಹುದು.

ಇದೇ ಸೋರಿಕೆ 200 ಮನೆಯ ಕಂಪನಿಯಲ್ಲಿ ಆಗಿದ್ದರೆ? ಸಂಬಳಕ್ಕಿರುವ ಪ್ಲಂಬರ್ ಇರುತ್ತಾನೆ. ಎಲ್ಲ ಮನೆಗೂ ಒಂದೇ ನಮೂನೆಯ ಟೈಲ್, ಗೋದಾಮಿನಲ್ಲಿ ಹತ್ತು ಪೆಟ್ಟಿಗೆ ಹೆಚ್ಚುವರಿ. ವರ್ಷಕ್ಕೆ ಇಂಥ ಎಷ್ಟು ಸೋರಿಕೆ ಆಗುತ್ತವೆ ಎಂಬುದು ಅವರಿಗೆ ಮೊದಲೇ ಗೊತ್ತು, ಬಾಡಿಗೆಯಲ್ಲೇ ಸೇರಿಸಿರುತ್ತಾರೆ. ಒಂದೇ ಮನೆಯವರಿಗೆ ಅದು ಈ ವರ್ಷ ಬರಬಹುದು, ಹತ್ತು ವರ್ಷ ಬಾರದೆಯೂ ಇರಬಹುದು.

ಬಡ್ಡಿ ಒಂದು ಕಡೆ, ತೆರಿಗೆ ಇನ್ನೊಂದು ಕಡೆ

ಇಂಗ್ಲೆಂಡಿನ ಸಣ್ಣ ಮಾಲೀಕರು ಮಾರುವುದಕ್ಕೆ ಹೊಸ ಬಾಡಿಗೆ ಕಾನೂನೇ ಕಾರಣ ಎಂದು ಸುದ್ದಿಗಳಲ್ಲಿ ಬರುತ್ತದೆ. ನನ್ನ ಅಂದಾಜಿನಲ್ಲಿ ಅದು ಅರ್ಧ ಸತ್ಯ. ಅದಕ್ಕೂ ಮೊದಲು ಎರಡು ಏಟು ಬಿದ್ದಿದ್ದವು.

ಒಂದು ಏಟು ತೆರಿಗೆಯದು. 2015ರಲ್ಲಿ ಬದಲಾದ ನಿಯಮ 2017ರಿಂದ 2020ರವರೆಗೆ ಹಂತ ಹಂತವಾಗಿ ಜಾರಿಗೆ ಬಂತು. ಸ್ವಂತ ಹೆಸರಿನಲ್ಲಿ ಮನೆ ಬಾಡಿಗೆಗೆ ಕೊಡುವವರು ಸಾಲದ ಬಡ್ಡಿಯನ್ನು ಖರ್ಚು ಎಂದು ತೋರಿಸಿ ಆದಾಯದಿಂದ ಕಳೆಯುವಂತಿಲ್ಲ. ಅದರ ಬದಲಿಗೆ ಬಡ್ಡಿಯ ಶೇ 20ರಷ್ಟನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಡಿಮೆ ಮಾಡಿಕೊಳ್ಳಬಹುದು. ಕಂಪನಿಯ ಹೆಸರಿನಲ್ಲಿ ಮನೆ ಇದ್ದರೆ ಈ ನಿರ್ಬಂಧ ಇಲ್ಲ.

ಇದರ ಪರಿಣಾಮ ಬಾಯಿಮಾತಿನಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ, ಲೆಕ್ಕ ಹಾಕಿಯೇ ನೋಡಬೇಕು. ಬಾಡಿಗೆ 1200, ಬಡ್ಡಿ 700, ಉಳಿದ ಖರ್ಚು 200. ನಿಜವಾಗಿ ಕೈಯಲ್ಲಿ ಉಳಿಯುವುದು 300. ಆದರೆ ತೆರಿಗೆ ಹಾಕುವುದು 1000ದ ಮೇಲೆ, ಯಾಕೆಂದರೆ ಬಡ್ಡಿಯನ್ನು ಕಳೆಯುವಂತಿಲ್ಲ. ಮಾಲೀಕರು ಶೇ 40ರ ತೆರಿಗೆ ಹಂತದಲ್ಲಿದ್ದರೆ 400. ಅದರಲ್ಲಿ 700ರ ಶೇ 20, ಅಂದರೆ 140 ರಿಯಾಯಿತಿ. ಕಟ್ಟಬೇಕಾದದ್ದು 260. ಮುನ್ನೂರರಲ್ಲಿ ಉಳಿದದ್ದು 40.

ಎರಡನೇ ಏಟು ಬಡ್ಡಿಯದು. ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ದರ 2021ರ ಡಿಸೆಂಬರ್‌ವರೆಗೆ ಶೇ 0.1 ಇತ್ತು. 2023ರ ಆಗಸ್ಟ್‌ಗೆ ಅದು ಶೇ 5.25 ಆಯಿತು. ಹಳೆಯ ಕಡಿಮೆ ದರದ ಅವಧಿ ಮುಗಿದು ಸಾಲ ನವೀಕರಿಸಬೇಕಾದವರಿಗೆ ಕಂತು ಒಮ್ಮೆಗೇ ಏರಿತು. ನಮ್ಮ ಉದಾಹರಣೆಯಲ್ಲಿ ಬಡ್ಡಿ 700ರಿಂದ 900ಕ್ಕೆ ಏರಿದರೆ ನಿಜವಾದ ಲಾಭ 100. ತೆರಿಗೆ 400ರಲ್ಲಿ ರಿಯಾಯಿತಿ 180 ಹೋಗಿ 220. ಅಂದರೆ 100 ಗಳಿಸಿದ್ದಕ್ಕೆ 220 ತೆರಿಗೆ. ಮಾಲೀಕರು ಜೇಬಿನಿಂದ 120 ಹಾಕಬೇಕು, ಅದೂ ಬಾಡಿಗೆದಾರರು ಪ್ರತಿ ತಿಂಗಳು ಸರಿಯಾಗಿ ಬಾಡಿಗೆ ಕೊಟ್ಟಿರುವಾಗ.

ಬಾಡಿಗೆ ಏರುತ್ತಿದ್ದರೂ ಮಾರುವವರು ಯಾಕೆ ಇದ್ದಾರೆ ಎನ್ನುವ ಪ್ರಶ್ನೆಗೆ ದೊಡ್ಡ ಭಾಗದ ಉತ್ತರ ಇಲ್ಲೇ ಇದೆ. ಸಾಲ ಇಲ್ಲದವರಿಗೆ ಈ ಲೆಕ್ಕ ತಟ್ಟುವುದೇ ಇಲ್ಲ. ಸಾಲ ಮಾಡಿ ಕೊಂಡವರಿಗೆ ಏರಿದ ಬಾಡಿಗೆಯೂ ಸಾಲದು.

ಬಾಡಿಗೆ ನಿಂತುಹೋದರೆ

ಈಗ ಹೊಸ ಕಾನೂನಿಗೆ ಬರೋಣ. 2025ರ ಅಕ್ಟೋಬರ್ 27ರಂದು ರಾಜನ ಅಂಕಿತ ಬಿದ್ದ ಇಂಗ್ಲೆಂಡಿನ ಬಾಡಿಗೆದಾರರ ಹಕ್ಕುಗಳ ಕಾಯ್ದೆಯ ಮುಖ್ಯ ಭಾಗಗಳ ಜಾರಿಗೆ ಸರ್ಕಾರ ಗೊತ್ತು ಮಾಡಿದ ದಿನ 2026ರ ಮೇ 1. ಇದರಿಂದ 1988ರ ವಸತಿ ಕಾಯ್ದೆಯ 21ನೇ ಸೆಕ್ಷನ್ ಹೋಗುತ್ತದೆ. ಆ ಸೆಕ್ಷನ್ ಪ್ರಕಾರ ಮಾಲೀಕರು ಎರಡು ತಿಂಗಳ ನೋಟಿಸ್ ಕೊಟ್ಟರೆ ಸಾಕಿತ್ತು, ಕಾರಣ ಹೇಳಬೇಕಾಗಿರಲಿಲ್ಲ.

ಹೊಸ ವ್ಯವಸ್ಥೆಯಲ್ಲಿ ಇಷ್ಟು ವರ್ಷಕ್ಕೆಂದು ಕರಾರು ಮಾಡುವ ಪದ್ಧತಿಯೇ ಇಲ್ಲ. ಬಾಡಿಗೆದಾರರು ಎರಡು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಹೊರಡಬಹುದು. ಮಾಲೀಕರು ಬಿಡಿಸಬೇಕಾದರೆ ಕಾನೂನು ಒಪ್ಪುವ ಕಾರಣ ತೋರಿಸಬೇಕು. ಮಾರಬೇಕು ಅಥವಾ ತಾವೇ ಬಂದು ಇರಬೇಕು ಎನ್ನುವುದೂ ಕಾರಣವೇ. ಆದರೆ ಮೊದಲ 12 ತಿಂಗಳು ಅದನ್ನು ಬಳಸುವಂತಿಲ್ಲ, ಆಮೇಲೂ ನಾಲ್ಕು ತಿಂಗಳ ನೋಟಿಸ್ ಬೇಕು. ಮಾರುತ್ತೇನೆ ಎಂದು ಬಿಡಿಸಿ, ಮಾರದೆ ಬೇರೆಯವರಿಗೆ ಬಾಡಿಗೆಗೆ ಕೊಡಲು ಹೋದರೆ 12 ತಿಂಗಳ ನಿಷೇಧ. ಬಾಡಿಗೆ ಏರಿಕೆ ವರ್ಷಕ್ಕೊಮ್ಮೆ. ಅದನ್ನು ಬಾಡಿಗೆದಾರರು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಬಹುದು.

ಸಣ್ಣ ಮಾಲೀಕರಿಗೆ ಇವುಗಳಲ್ಲಿ ಹೆಚ್ಚು ಚುಚ್ಚುವುದು ಇನ್ನೊಂದು ಬದಲಾವಣೆ. ಬಾಡಿಗೆ ಬಾಕಿ ಎರಡು ತಿಂಗಳಾದರೆ ನ್ಯಾಯಾಲಯ ಮನೆ ಬಿಡಿಸಿಕೊಡಲೇಬೇಕು ಎಂದಿದ್ದ ನಿಯಮ ಈಗ ಮೂರು ತಿಂಗಳಾಗಿದೆ. ನೋಟಿಸ್ ಅವಧಿ ಎರಡು ವಾರದಿಂದ ನಾಲ್ಕು ವಾರಕ್ಕೆ ಏರಿದೆ. ಕೇಸು ಹಾಕಿದ ದಿನದಿಂದ ಮನೆ ಕೈಗೆ ಬರುವವರೆಗೆ ಅಲ್ಲಿನ ನ್ಯಾಯಾಲಯಗಳಲ್ಲಿ ಇತ್ತೀಚೆಗೆ ಸುಮಾರು ಆರು ತಿಂಗಳು ಹಿಡಿಯುತ್ತಿದೆ. ಕೂಡಿಸಿ ನೋಡಿ: ಮೂರು, ಒಂದು, ಆರು. ಹತ್ತು ತಿಂಗಳು ಬಾಡಿಗೆ ಇಲ್ಲ. 1200ರಲ್ಲಿ 1000 ಹೋಯಿತು. ತೆರಿಗೆಗೆ ಮುಂಚೆ ವರ್ಷಕ್ಕೆ 300 ಉಳಿಯುತ್ತಿದ್ದ ಮನೆಯಲ್ಲಿ ಅದು ಮೂರು ವರ್ಷಕ್ಕೂ ಹೆಚ್ಚಿನ ಗಳಿಕೆ. ಬ್ಯಾಂಕಿನ ಕಂತು ಮಾತ್ರ ಪ್ರತಿ ತಿಂಗಳೂ ತಪ್ಪದೆ ಬರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. 21ನೇ ಸೆಕ್ಷನ್ನಿನ ನೋಟಿಸ್ ಕೊಡುತ್ತಿದ್ದ ಎಲ್ಲ ಮಾಲೀಕರೂ ಸುಮ್ನೆ ಮನಸ್ಸು ಬಂದಂತೆ ಬಿಡಿಸುತ್ತಿದ್ದವರಲ್ಲ. ಬಾಕಿ ಉಳಿಸಿಕೊಂಡವರ ಮೇಲೂ ಅದನ್ನೇ ಬಳಸುತ್ತಿದ್ದರು. ಯಾಕೆಂದರೆ ಅದರಲ್ಲಿ ಹೆಚ್ಚಾಗಿ ವಿಚಾರಣೆಯೇ ಇಲ್ಲದೆ ಕಾಗದದ ಮೇಲೆಯೇ ಆದೇಶ ಸಿಗುತ್ತಿತ್ತು. ಆ ದಾರಿ ಮುಚ್ಚಿದಾಗ ಅದೇ ಪ್ರಕರಣಗಳು ವಿಚಾರಣೆಯ ಸಾಲಿಗೆ ಬರುತ್ತವೆ. ನ್ಯಾಯಾಧೀಶರ ಸಂಖ್ಯೆ ಅಷ್ಟೇ ಇದ್ದರೆ ಸಾಲು ಉದ್ದವಾಗುತ್ತದೆ.

ಈ ಹಂತದಲ್ಲಿ ಕೆಲವರು ತಾಳ್ಮೆ ಕಳೆದುಕೊಂಡು ಬೀಗ ಬದಲಾಯಿಸುತ್ತಾರೆ, ನೀರು, ಕರೆಂಟು ಕಡಿಯುತ್ತಾರೆ. ಬಾಕಿ ಕೊಡದವರು ಒಳಗಿದ್ದಾರೆ, ಮನೆ ನನ್ನದು, ತಪ್ಪೇನು ಎನ್ನುವ ಸಿಟ್ಟು. ಇಂಗ್ಲೆಂಡಿನಲ್ಲಿ ಹೀಗೆ ಕಾನೂನು ಮೀರಿ ಹೊರಹಾಕುವುದು 1977ರ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಅಲ್ಲಿಯವರೆಗೆ ಬಾಕಿ ವಸೂಲಿಗೆ ಓಡಾಡುತ್ತಿದ್ದ ಮಾಲೀಕರೇ ಆ ದಿನದಿಂದ ಆರೋಪಿಯಾಗುತ್ತಾರೆ.

ಬಾಡಿಗೆದಾರರ ಕಡೆಯ ಮಾತು

ಇಷ್ಟು ಕೇಳಿದರೆ ಪಾಪ ಮಾಲೀಕರು ಅನಿಸಬಹುದು. ಆದರೆ ಇನ್ನೊಂದು ಕಡೆಯ ವಾದ ಹಗುರವಾದದ್ದಲ್ಲ.

ಮಾಲೀಕರು ಕಳೆದುಕೊಳ್ಳುವುದು ವರಮಾನ. ಬಾಡಿಗೆದಾರರು ಕಳೆದುಕೊಳ್ಳುವುದು ಇರುವ ಸೂರು. ಎರಡು ತಿಂಗಳಲ್ಲಿ ಬೇರೆ ಮನೆ ಹುಡುಕಬೇಕು, ಮಕ್ಕಳ ಶಾಲೆ ಬದಲಾಗಬೇಕು, ಮತ್ತೆ ಠೇವಣಿ ಹೊಂದಿಸಬೇಕು. ಕಾರಣ ಕೇಳುವಂತೆಯೂ ಇಲ್ಲದಿದ್ದರೆ ಜನ ಸೋರುವ ಛಾವಣಿಯ ಬಗ್ಗೆ ದೂರು ಕೊಡಲು ಕೂಡ ಹೆದರುತ್ತಾರೆ. ದೂರು ಕೊಟ್ಟ ಮರುದಿನವೇ ನೋಟಿಸ್ ಬಂದರೆ ಎನ್ನುವ ಭಯ. ಸಣ್ಣ ಮಾಲೀಕರೆಲ್ಲ ಒಳ್ಳೆಯವರು, ಕಂಪನಿಗಳೆಲ್ಲ ಕೆಟ್ಟವು ಎನ್ನುವ ಹಾಗೂ ಇಲ್ಲ. ರಿಪೇರಿಗೆ ದುಡ್ಡು ಎತ್ತಿಡದ ಮಾಲೀಕರ ಮನೆಯಲ್ಲಿ ಚಳಿಯಲ್ಲಿ ನಡುಗುವವರು ಬಾಡಿಗೆದಾರರೇ ಅಲ್ವಾ?

ಮೂರು ತಿಂಗಳ ಬಾಕಿಯ ನಿಯಮಕ್ಕೂ ಹೀಗೇ ಒಂದು ತರ್ಕ ಇದೆ. ಕೆಲಸ ಹೋದವರಿಗೆ ಇನ್ನೊಂದು ಕೆಲಸ ಸಿಗುವವರೆಗೆ ಉಸಿರಾಡಲು ಸಮಯ ಬೇಕು. ಆ ಸಮಯ ಸಮಾಜಕ್ಕೆ ಒಳ್ಳೆಯದೇ. ಜಗಳ ಇರುವುದು ಆ ಸಮಯದ ಖರ್ಚನ್ನು ಯಾರು ಹೊರಬೇಕು ಎನ್ನುವುದರಲ್ಲಿ. ಈಗಿನ ಕಾನೂನಿನಲ್ಲಿ ಆ ಬಾಡಿಗೆದಾರರ ಮಾಲೀಕರು ಯಾರೋ ಅವರೇ ಹೊರುತ್ತಾರೆ. 200 ಮನೆಯವರಾದರೆ ಸರಿ, ಒಂದೇ ಮನೆಯವರಾದರೂ ಅಷ್ಟೇ ಹೊರೆ.

ಇದರ ಜೊತೆ ಬಾಡಿಗೆದಾರರ ಪರ ಇರುವವರು ಇನ್ನೊಂದು ಮಾತು ಹೇಳುತ್ತಾರೆ. ಮಾಲೀಕರು ತಿಂಗಳ ಲೆಕ್ಕ ಮಾತ್ರ ತೋರಿಸುತ್ತಾರೆ, ಮನೆಯ ಬೆಲೆ ಏರಿದ್ದನ್ನು ಹೇಳುವುದಿಲ್ಲ ಎಂದು. ಇದು ಸರಿಯಾದ ಚುಚ್ಚುಮಾತು. ಬೆಲೆ ಏರಿದ ಮನೆಯನ್ನು ಮಾರಿದವರು ಒಟ್ಟಾರೆ ನಷ್ಟದಲ್ಲಿ ಇರಲಿಕ್ಕಿಲ್ಲ. ಆದರೆ ಆ ಲಾಭ ಕೈಗೆ ಸಿಗಬೇಕಾದರೆ ಮನೆ ಮಾರಲೇಬೇಕು. ಗೋಡೆಯಲ್ಲಿ ಕೂತ ದುಡ್ಡಿನಿಂದ ಪ್ಲಂಬರ್‌ಗೆ ಕೂಲಿ ಕೊಡಲು ಬರುವುದಿಲ್ಲ.

ಕಾಗದದಲ್ಲಿ ಬೀಳುವ ಗುಂಡಿ

ಠೇವಣಿಯ ವಿಷಯವನ್ನೇ ನೋಡಿ. ಇಂಗ್ಲೆಂಡಿನಲ್ಲಿ ಮಾಲೀಕರು ಪಡೆದ ಠೇವಣಿಯನ್ನು 30 ದಿನದೊಳಗೆ ಮಾನ್ಯತೆ ಪಡೆದ ರಕ್ಷಣಾ ಯೋಜನೆಯೊಂದರಲ್ಲಿ ನೋಂದಾಯಿಸಬೇಕು. ಮರೆತರೆ ಠೇವಣಿಯ ಒಂದರಿಂದ ಮೂರು ಪಟ್ಟು ದಂಡ. 2019ರಿಂದ ಸಾಮಾನ್ಯ ಬಾಡಿಗೆಯ ಮನೆಗಳಿಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಮನೆ ಬಿಡುವಾಗ ಗೋಡೆಯ ಗೀರು, ಕಿತ್ತ ಹಿಡಿಕೆ, ಕಲೆ ಬಿದ್ದ ನೆಲಹಾಸು ಯಾರ ತಪ್ಪು ಎಂದು ಜಗಳ ಬಂದರೆ, ಬರುವ ದಿನ ತೆಗೆದ ಫೋಟೊ ಇಲ್ಲದ ಮಾಲೀಕರ ಮಾತು ನಿಲ್ಲುವುದಿಲ್ಲ. ದಿನನಿತ್ಯದ ಸವೆತಕ್ಕೆ ದುಡ್ಡು ಹಿಡಿಯುವಂತಿಲ್ಲ ಎನ್ನುವುದು ಹೆಚ್ಚುಕಡಿಮೆ ಎಲ್ಲ ಕಡೆಯ ನಿಯಮ. ಸವೆತ ಎಲ್ಲಿ ಮುಗಿದು ಹಾನಿ ಎಲ್ಲಿ ಶುರುವಾಗುತ್ತದೆ ಎನ್ನುವುದೇ ತಗಾದೆ.

ಭಾರತದ ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲೂ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಠೇವಣಿ ಎನ್ನುವ ಮಿತಿ ಇದೆ. ಅವಧಿ ಮುಗಿದ ಮೇಲೂ ಖಾಲಿ ಮಾಡದವರು ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಕೊಡಬೇಕು. ಇದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನಾಗಿ ಮಾಡಿಕೊಂಡರಷ್ಟೇ ಜಾರಿ. ಸುದ್ದಿಯಲ್ಲಿ ಇದು ಆಗಾಗ "ದೇಶಕ್ಕೆಲ್ಲ ಹೊಸ ಬಾಡಿಗೆ ನಿಯಮ" ಎಂದು ಓಡಾಡುವುದರಿಂದ ಗೊಂದಲ. ಅಂದ ಹಾಗೆ, ಒಂದು ಪಟ್ಟನ್ನೇ ಕೊಡದವರಿಂದ ನಾಲ್ಕು ಪಟ್ಟು ವಸೂಲು ಮಾಡುವುದು ಹೇಗೆ ಎಂಬುದು ಬೇರೆ ಪ್ರಶ್ನೆ.

ಹಿಂದೆ ನಡೆದ ಮೂರು ಪ್ರಯೋಗಗಳು

ಸಣ್ಣ ಮಾಲೀಕರ ಮೇಲೆ ನಿಯಂತ್ರಣ ಹೇರಿದರೆ ಏನಾಗುತ್ತದೆ? ಇದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಬಹಳ ಒಳ್ಳೆಯ ಉದಾಹರಣೆ. ಅಲ್ಲಿ 1979ರಲ್ಲಿ ಬಾಡಿಗೆ ನಿಯಂತ್ರಣ ಬಂದಾಗ ಮಾಲೀಕರೂ ವಾಸವಾಗಿರುವ ಹೆಚ್ಚೆಂದರೆ ನಾಲ್ಕು ಮನೆಗಳಿರುವ ಸಣ್ಣ ಕಟ್ಟಡಗಳಿಗೆ ವಿನಾಯಿತಿ ಇತ್ತು. 1994ರಲ್ಲಿ ಜನ ಮತ ಹಾಕಿ ಆ ವಿನಾಯಿತಿ ತೆಗೆದರು. 1980ಕ್ಕಿಂತ ಮೊದಲು ಕಟ್ಟಿದವು ನಿಯಂತ್ರಣಕ್ಕೆ ಬಂದವು, ಆಮೇಲೆ ಕಟ್ಟಿದವು ಬರಲಿಲ್ಲ. ಅಕ್ಕಪಕ್ಕದ ಎರಡು ಒಂದೇ ಥರದ ಕಟ್ಟಡಗಳಿಗೆ ಎರಡು ನಿಯಮ. ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ರೆಬೆಕಾ ಡೈಮಂಡ್ ಮತ್ತು ಇಬ್ಬರು ಜೊತೆಗಾರರು 2019ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ನಿಯಂತ್ರಣದಲ್ಲಿದ್ದ ಬಾಡಿಗೆದಾರರು ಅದೇ ವಿಳಾಸದಲ್ಲಿ ಉಳಿಯುವ ಸಾಧ್ಯತೆ ಶೇ 10ರಿಂದ 20ರಷ್ಟು ಹೆಚ್ಚಿತು. ಅಂದರೆ ಕಾನೂನು ಮಾಡಿದ ಉದ್ದೇಶ ಈಡೇರಿತು. ಇನ್ನೊಂದು ಕಡೆ, ಆ ಕಟ್ಟಡಗಳ ಮಾಲೀಕರು ಬಾಡಿಗೆಗೆ ಕೊಡುವ ಮನೆಗಳನ್ನು ಶೇ 15ರಷ್ಟು ಇಳಿಸಿದರು. ಕೆಲವರು ಮಾರಾಟದ ಫ್ಲ್ಯಾಟ್ ಮಾಡಿದರು, ಕೆಲವರು ಕೆಡವಿ ಹೊಸದು ಕಟ್ಟಿದರು. ಇದರಿಂದ ನಗರದ ಒಟ್ಟು ಬಾಡಿಗೆ ಶೇ 5.1ರಷ್ಟು ಏರಿತು ಎಂದು ಅವರ ಅಂದಾಜು. ಆಗಲೇ ಒಳಗಿದ್ದವರಿಗೆ ಅನುಕೂಲ, ಆಮೇಲೆ ಬಂದವರಿಗೆ ಹೊರೆ.

ಎರಡನೆಯದು ಕೋವಿಡ್ ಸಮಯದ ಅಮೆರಿಕ. 2020ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಬಾಡಿಗೆ ಬಾಕಿಗಾಗಿ ಮನೆ ಬಿಡಿಸುವುದಕ್ಕೆ ತಡೆ ಹಾಕಿತು. 2021ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ನಿಲ್ಲಿಸಿತು. ಬಾಕಿ ತುಂಬಿಕೊಡಲು ಸುಮಾರು 4,650 ಕೋಟಿ ಡಾಲರ್ ಸರ್ಕಾರ ತೆಗೆದಿಟ್ಟಿತ್ತು. ಆದರೆ 2021ರ ಜುಲೈ ಕೊನೆಗೆ ಅದರಲ್ಲಿ ಹಂಚಿಕೆಯಾಗಿದ್ದು ಶೇ 11ರ ಆಸುಪಾಸು. ದುಡ್ಡು ಇತ್ತು, ಅರ್ಜಿಗಳೂ ಇದ್ದವು, ಎರಡನ್ನೂ ಸೇರಿಸುವ ಕಚೇರಿ ನಿಧಾನವಾಗಿತ್ತು. ಒಂದು ವರ್ಷ ಕಾಯಬಲ್ಲ ಕಂಪನಿ ಕಾಯಿತು. ಕಾಯಲು ಕೈಯಲ್ಲಿ ಏನೂ ಇಲ್ಲದವರು ಸಿಕ್ಕಿಬಿದ್ದರು.

ಅರ್ಜೆಂಟೀನಾದ ಕಥೆ ಚಿಕ್ಕದು. 2020ರ ಕಾನೂನು ಕನಿಷ್ಠ ಮೂರು ವರ್ಷದ ಕರಾರು ಎಂದಿತು, ಬಾಡಿಗೆ ಪರಿಷ್ಕರಣೆ ವರ್ಷಕ್ಕೆ ಒಂದೇ ಸಲ. ಬೆಲೆಗಳು ಸ್ಥಿರವಾಗಿರುವ ದೇಶದಲ್ಲಿ ಇದು ಸಾಧಾರಣ ನಿಯಮ. 2023ರಲ್ಲಿ ಹಣದುಬ್ಬರ ಶೇ 200 ದಾಟಿದ ದೇಶದಲ್ಲಿ, ಹನ್ನೊಂದನೇ ತಿಂಗಳ ಬಾಡಿಗೆಗೆ ಮೊದಲ ತಿಂಗಳ ಅರ್ಧ ಬೆಲೆಯೂ ಉಳಿಯುವುದಿಲ್ಲ. ಮಾಲೀಕರು ಮನೆ ಖಾಲಿ ಇಟ್ಟರು, ಇಲ್ಲವೇ ಪ್ರವಾಸಿಗರಿಗೆ ಕೊಟ್ಟರು. 2023ರ ಡಿಸೆಂಬರ್‌ನಲ್ಲಿ ಹೊಸ ಸರ್ಕಾರ ಆ ಕಾನೂನನ್ನೇ ತೆಗೆದುಹಾಕಿತು.

ಮಾರಿದ ಮನೆ ಎಲ್ಲಿ ಹೋಗುತ್ತದೆ?

ಬಾಡಿಗೆದಾರರ ಪರ ಇರುವವರು ಇಲ್ಲಿ ಒಂದು ಸರಳ ಪ್ರಶ್ನೆ ಕೇಳುತ್ತಾರೆ. ಮಾಲೀಕರು ಮನೆ ಮಾರಿದರೆ ಮನೆಯೇನು ಮಾಯವಾಗುತ್ತದೆಯೇ? ಯಾರೋ ಕೊಳ್ಳುತ್ತಾರೆ, ಅವರು ಬಾಡಿಗೆ ಮನೆ ಬಿಟ್ಟು ಬರುತ್ತಾರೆ. ಲೆಕ್ಕ ಸರಿಹೋಯಿತಲ್ಲ?

ಭಾಗಶಃ ಹೌದು. ನೆದರ್ಲೆಂಡ್ಸ್ ಇದನ್ನು ತೋರಿಸುತ್ತಿದೆ. ಅಲ್ಲಿ 2024ರ ಜುಲೈ 1ರಿಂದ ಮಧ್ಯಮ ದರದ ಮನೆಗಳಿಗೂ ಅಂಕಗಳ ಲೆಕ್ಕದಲ್ಲಿ ಬಾಡಿಗೆ ಮಿತಿ ಬಂತು. ಮನೆಯ ಅಳತೆ, ಇಂಧನ ಉಳಿತಾಯ, ಸರ್ಕಾರಿ ಮೌಲ್ಯ ಇವಕ್ಕೆಲ್ಲ ಅಂಕ, ಅಂಕದ ಮೇಲೆ ಗರಿಷ್ಠ ಬಾಡಿಗೆ. ಅದೇ ದಿನದಿಂದ ಕಾಯಂ ಕರಾರು ಸಾಮಾನ್ಯ ನಿಯಮವಾಯಿತು. ಬಾಡಿಗೆದಾರರು ಬಿಟ್ಟುಹೋದ ಕೂಡಲೇ ಆ ಮನೆಯನ್ನು ಮತ್ತೆ ಬಾಡಿಗೆಗೆ ಕೊಡದೆ ಮಾರುವುದು ಜಾಸ್ತಿಯಾಯಿತು. ಇದಕ್ಕೆ ಡಚ್ಚರಲ್ಲಿ ಪ್ರತ್ಯೇಕ ಪದವೇ ಇದೆ, ಔಟ್‌ಪೊಂಡನ್. ಹೀಗೆ ಮಾರಾಟಕ್ಕೆ ಬಂದ ಮನೆಗಳು ಮೊದಲ ಸಲ ಮನೆ ಕೊಳ್ಳುವ ಯುವಕರಿಗೆ ಅನುಕೂಲವಾದವು. ಇದನ್ನು ಮರೆತು ಬರೀ ನಷ್ಟ ಹೇಳುವುದು ಸರಿಯಲ್ಲ.

ಆದರೆ ಸಾಲ ಸಿಗದವರು, ಒಂದು ವರ್ಷಕ್ಕೆ ಮಾತ್ರ ಬಂದವರು, ಓದಲು ಬಂದವರು ಕೊಳ್ಳಲಾರರು. ಮೂವರು ಗೆಳೆಯರು ಹಂಚಿಕೊಂಡಿದ್ದ ಮನೆಯನ್ನು ಒಂದು ಜೋಡಿ ಕೊಂಡರೆ ಮನೆಗಳ ಲೆಕ್ಕ ಸರಿಯಾಗಿಯೇ ಇರುತ್ತದೆ, ಒಬ್ಬರು ಮಾತ್ರ ಬೀದಿಯಲ್ಲಿ ಉಳಿಯುತ್ತಾರೆ. ಅವರು ಉಳಿದ ಬಾಡಿಗೆ ಮನೆಗಳ ಮುಂದೆ ಸಾಲು ನಿಲ್ಲುತ್ತಾರೆ. ಸಾಲು ಉದ್ದವಾದಷ್ಟೂ ಮಾಲೀಕರು ಆರಿಸುವುದು ಕಾಯಂ ಕೆಲಸ, ಒಳ್ಳೆಯ ಸಂಬಳ ಇರುವವರನ್ನೇ. ಒಂದೇ ಮನೆ ಇರುವವರಿಗೆ ತಪ್ಪು ಆಯ್ಕೆಯ ಬೆಲೆ ಹತ್ತು ತಿಂಗಳ ಬಾಡಿಗೆ ಎಂದಾದರೆ, ಸ್ವಲ್ಪ ಅನುಮಾನ ಬಂದವರಿಗೂ ಕೊಡುವುದಿಲ್ಲ. ಕಾನೂನು ಯಾರನ್ನು ಕಾಪಾಡಲು ಬಂತೋ ಅವರಿಗೇ ಬಾಗಿಲು ಮುಚ್ಚುವ ಸಾಧ್ಯತೆ ಇಲ್ಲಿದೆ.

ಸಣ್ಣವರಿಗೆ ಬೇರೆ ನಿಯಮ?

ಐರ್ಲೆಂಡ್ ಬೇರೆ ದಾರಿ ಹಿಡಿದಿದೆ. 2026ರ ಮಾರ್ಚ್ 1ರಿಂದ ಶುರುವಾಗುವ ಬಾಡಿಗೆಗಳಿಗೆ ಆರು ವರ್ಷದ ಭದ್ರತೆ, ಮುಗಿದ ಮೇಲೆ ಮತ್ತೆ ಆರು ವರ್ಷ. ಇದರಲ್ಲಿ ಮಾಲೀಕರನ್ನು ಎರಡು ಗುಂಪು ಮಾಡಿದ್ದಾರೆ. ನಾಲ್ಕು ಅಥವಾ ಹೆಚ್ಚು ಬಾಡಿಗೆಗಳಿರುವವರು ಬಾಡಿಗೆದಾರರ ತಪ್ಪಿಲ್ಲದೆ ಬಿಡಿಸುವಂತಿಲ್ಲ. ಮೂರು ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ ಹಣಕಾಸಿನ ತೀವ್ರ ಕಷ್ಟ, ಹತ್ತಿರದ ಕುಟುಂಬದವರಿಗೆ ಮನೆ ಬೇಕಾದ ಸಂದರ್ಭದಂಥ ಕೆಲವು ಕಾರಣಗಳಿಗೆ ಅವಕಾಶ ಇದೆ.

ಗಾತ್ರ ನೋಡಿ ನಿಯಮ ಮಾಡುವುದು ತಾತ್ವಿಕವಾಗಿ ಸರಿಯಾದ ದಿಕ್ಕು ಎಂದು ನನಗೆ ಅನಿಸುತ್ತದೆ. ಆದರೆ ಗೆರೆ ಎಳೆದ ಕಡೆ ಜನ ಗೆರೆಯ ಈಚೆಗೇ ನಿಲ್ಲುತ್ತಾರೆ. ಮೂರು ಮನೆ ಇರುವವರು ನಾಲ್ಕನೆಯದನ್ನು ಬಾಡಿಗೆಗೆ ಕೊಡುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಇನ್ನೊಂದು ತೊಂದರೆ ಬಾಡಿಗೆದಾರರದು. ಅದೇ ಬೀದಿಯಲ್ಲಿ, ಅದೇ ಬಾಡಿಗೆಗೆ, ಒಬ್ಬರಿಗೆ ಗಟ್ಟಿ ಭದ್ರತೆ, ಪಕ್ಕದವರಿಗೆ ಸಡಿಲ ಭದ್ರತೆ. ತಮ್ಮ ಮಾಲೀಕರ ಬಳಿ ಎಷ್ಟು ಮನೆ ಇವೆ ಎನ್ನುವುದನ್ನು ಬಾಡಿಗೆದಾರರು ಆರಿಸಿಕೊಂಡು ಬಂದಿರುವುದಿಲ್ಲ.

ಸಣ್ಣ ಮಾಲೀಕರಿಗೆ ಬೇಕಿರುವುದು ಬಿಡಿಸುವ ಹೆಚ್ಚಿನ ಅಧಿಕಾರ ಅಲ್ಲ ಎನ್ನುವುದು ಈ ಲೆಕ್ಕಗಳಿಂದ ಕಾಣುವ ಸಂಗತಿ. ಬಿಡಿಸುವ ಹಕ್ಕು ಕಾಗದದ ಮೇಲೆ ಇದ್ದರೂ ಆರು ತಿಂಗಳು ಕಾಯಬೇಕಾದರೆ ಆ ಹಕ್ಕಿನಿಂದ ಕಂತು ಕಟ್ಟಲು ಆಗುವುದಿಲ್ಲ. ಬೇಕಿರುವುದು ಆ ಹತ್ತು ತಿಂಗಳ ನಷ್ಟವನ್ನು ಹಂಚುವ ದಾರಿ. ಬಾಡಿಗೆ ಬಾಕಿಗೆ ವಿಮೆ ಒಂದು ದಾರಿ, ಆದರೆ ಅದರ ಪ್ರೀಮಿಯಂ ಕೊನೆಗೆ ಬಾಡಿಗೆಯಲ್ಲಿ ಸೇರಿಕೊಳ್ಳುತ್ತದೆ. ಕಷ್ಟದಲ್ಲಿರುವ ಬಾಡಿಗೆದಾರರ ಬಾಕಿಯನ್ನು ಸರ್ಕಾರ ತುಂಬಿಕೊಡುವುದು ಇನ್ನೊಂದು ದಾರಿ, ಅದು ಎಷ್ಟು ನಿಧಾನ ಆಗಬಹುದು ಎಂದು ಅಮೆರಿಕದಲ್ಲಿ ಕಂಡಿದ್ದೇವೆ. ಮೂರನೆಯದು ನ್ಯಾಯಾಲಯವನ್ನು ಚುರುಕು ಮಾಡುವುದು. ಇದು ಎಲ್ಲರಿಗೂ ಒಪ್ಪಿಗೆ, ಯಾರೂ ದುಡ್ಡು ಹಾಕುವುದಿಲ್ಲ. ಅಷ್ಟರಲ್ಲಿ ಮನೆ ಬಾಡಿಗೆಗೆ ಕೊಡಲು ಹೊರಟವರು ಕನಿಷ್ಠ ಆರು ತಿಂಗಳ ಕಂತು, ಒಂದು ದೊಡ್ಡ ರಿಪೇರಿಯ ಖರ್ಚು ಬೇರೆ ಎತ್ತಿಟ್ಟಿಲ್ಲ ಎಂದರೆ ಲೆಕ್ಕ ಶುರುವಾಗುವ ಮೊದಲೇ ತಪ್ಪಿದೆ.

ಇಂಗ್ಲೆಂಡಿನಲ್ಲಿ ಹೊಸ ಕಾನೂನು ಗೆದ್ದಿತೋ ಸೋತಿತೋ ಎನ್ನುವುದನ್ನು ಮಾರಾಟದ ಬೋರ್ಡುಗಳನ್ನು ಎಣಿಸಿ ಹೇಳಲು ಆಗುವುದಿಲ್ಲ, ಅದರಲ್ಲಿ ಬಡ್ಡಿ ಮತ್ತು ತೆರಿಗೆಯ ಪಾಲು ಬೆರೆತಿದೆ. ಗಮನಿಸಬೇಕಾದ ಅಂಕಿ, ಕೇಸು ಹಾಕಿದ ದಿನದಿಂದ ಬೀಗದ ಕೈ ಕೈಗೆ ಬರುವವರೆಗಿನ ವಾರಗಳದ್ದು. ಆ ಆರು ತಿಂಗಳು ನಾಲ್ಕಕ್ಕೆ ಇಳಿದರೆ ಒಂದೇ ಮನೆಯವರು ಹೊಸ ನಿಯಮದೊಳಗೂ ಹೇಗೋ ನಡೆಸಿಕೊಂಡು ಹೋಗಬಹುದು. ಎಂಟಕ್ಕೆ ಏರಿದರೆ, ಒಮ್ಮೆ ಪೆಟ್ಟು ತಿಂದವರು ಬೀಗದ ಕೈ ಸಿಕ್ಕ ದಿನವೇ ಬ್ರೋಕರ್‌ಗೆ ಫೋನ್ ಮಾಡುತ್ತಾರೆ, ಬಾಡಿಗೆದಾರರನ್ನು ಹುಡುಕಿಕೊಡಿ ಎಂದಲ್ಲ, ಕೊಳ್ಳುವವರನ್ನು ಹುಡುಕಿಕೊಡಿ ಎಂದು.